ಕಡಿಮೆ ಕೆಲಸ ಬರುವ ಕಂಪ್ಯೂಟರ್ ಒಂದನ್ನು ಇಟ್ಟುಕೊಳ್ಳಿ

ನಾನು ಬರೆಯುವ ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಉಗುರಿನಿಂದ ಪಕ್ಕಕ್ಕೆ ತಳ್ಳಿದರೆ ವೈಫೈ ಸತ್ತಿತು. ಪರದೆಯ ಮೇಲೆ ಎಲ್ಲೂ ಹುಡುಕಬೇಕಿಲ್ಲ. ಇದು ಥಿಂಕ್‌ಪ್ಯಾಡ್ ಎಕ್ಸ್200, 2008ರಲ್ಲಿ ಬಂದ ಮಾದರಿ. ಅಣ್ಣ ಗುಜರಿಗೆ ಹಾಕಲು ಎತ್ತಿಟ್ಟಿದ್ದನ್ನು ಕೇಳಿ ತಂದುಕೊಂಡೆ. ಇದಕ್ಕೆ ಟಚ್‌ಪ್ಯಾಡ್ ಕೂಡ ಇಲ್ಲ. ಕೀಲಿಗಳ ನಡುವೆ ಮೊಳೆಯ ತಲೆಯಂಥ ಒಂದು ಕೆಂಪು ಗುಬುಟು ಇದೆ, ಅದನ್ನೇ ಬೆರಳಿನಿಂದ ಒತ್ತಿ ತಳ್ಳಬೇಕು. ಇದರಲ್ಲಿ ಏನೇನು ಬರಲ್ಲ ಎಂದು ಪಟ್ಟಿ ಮಾಡಲು ಕೂತ ನನ್ನ ಮಗಳು ಅರ್ಧಕ್ಕೇ ಸುಸ್ತಾಗಿ ಎದ್ದು ಹೋದಳು.

ನಾನು ಅನುವಾದ ಮಾಡಿ ಬದುಕುವವಳು. ಹೆಚ್ಚಾಗಿ ಯಂತ್ರಗಳ ಕೈಪಿಡಿ, ವರ್ಷಕ್ಕೊಂದೋ ಎರಡೋ ಕಥೆಪುಸ್ತಕ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹೊಸ ಲ್ಯಾಪ್‌ಟಾಪಿನ ಮುಂದೆ ಪೆನ್ಸಿಲ್ ಹಿಡಿದು ಕೂತೆ. ಬರೆಯುತ್ತಿದ್ದ ಪುಟ ಬಿಟ್ಟು ಬೇರೆ ಕಿಟಕಿಗೆ ಹೋದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು. ಮಧ್ಯಾಹ್ನದ ಹೊತ್ತಿಗೆ 31 ಗೀಟು ಬಿದ್ದಿದ್ದವು. ಅದರಲ್ಲಿ ನಿಜವಾಗಿ ಪದ ಹುಡುಕಲು ಹೋಗಿದ್ದು ಒಂಬತ್ತು ಸಲ. ಉಳಿದ 22 ಸಲ ಯಾಕೆ ಹೋದೆ ಎಂದು ನೆನಪೇ ಇರಲಿಲ್ಲ.

ಹಳೆ ಯಂತ್ರ ಬಂದ ಮೇಲೆ ನನಗೆ ಶಿಸ್ತು ಬಂತು ಅಂದುಕೊಳ್ಳಬೇಡಿ. ಈಗಲೂ ನನ್ನ ಮನಸ್ಸು ನಿಂತಲ್ಲಿ ನಿಲ್ಲುವುದಿಲ್ಲ. ಓಡಿಹೋಗುವ ದಾರಿ ಉದ್ದವಾಯಿತು, ಅಷ್ಟೇ. ಒಂದು ಸುದ್ದಿ ನೋಡಬೇಕೆಂದರೆ ಎದ್ದು ಪಕ್ಕದ ಕೋಣೆಗೆ ಹೋಗಿ ಇನ್ನೊಂದು ಲ್ಯಾಪ್‌ಟಾಪ್ ತೆರೆಯಬೇಕು. ಹೆಚ್ಚಿನ ಸಲ ಸೋಮಾರಿತನವೇ ಗೆಲ್ಲುತ್ತದೆ, ನಾನು ಕೂತಲ್ಲೇ ಕೂರುತ್ತೇನೆ. ಆ ಸೋಮಾರಿತನವನ್ನು ನಮ್ಮ ಕೆಲಸಕ್ಕೆ ದುಡಿಸಿಕೊಳ್ಳಲು ಏನೇನು ಜೋಡಿಸಿಕೊಳ್ಳಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ.

ಯಂತ್ರ ಆರಿಸುವಾಗ

ಮೊದಲು ಕೀಬೋರ್ಡ್ ನೋಡಿ. ದಿನವಿಡೀ ಮುಟ್ಟುವುದು ಅದನ್ನೇ. ನೋಟ್‌ಪ್ಯಾಡ್ ತೆರೆದು ಪ್ರತಿ ಕೀಲಿಯನ್ನೂ ಒಂದೊಂದಾಗಿ ಒತ್ತಿ. ಎಡದ ಶಿಫ್ಟ್, ಬಲದ ಶಿಫ್ಟ್ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಖ, ಘ, ಧ ಎಲ್ಲ ಬರುವುದು ಶಿಫ್ಟ್‌ನಿಂದಲೇ ಅಲ್ವಾ? ಒಂದು ಶಿಫ್ಟ್ ಕೆಟ್ಟಿದ್ದರೆ ಎರಡು ದಿನದಲ್ಲಿ ಕಿರುಬೆರಳು ಬೈಯುತ್ತದೆ.

ಆಮೇಲೆ ಪ್ರೊಸೆಸರ್. ಅದು 64 ಬಿಟ್‌ನದ್ದೇ ಆಗಿರಲಿ. ಡೆಬಿಯನ್ ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆ, ನಾನು ಬಳಸುವುದು ಅದನ್ನೇ) 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಇಂಟೆಲ್ ಯಂತ್ರದ ಮೇಲೆ ‘ಕೋರ್ 2 ಡ್ಯುಯೊ’ ಎಂದಿದ್ದರೆ 64 ಬಿಟ್. ಬರೀ ‘ಕೋರ್ ಡ್ಯುಯೊ’ ಎಂದಿದ್ದರೆ 32. ನಡುವಿನ ಆ ಒಂದು ‘2’ ಗಮನಿಸದೆ ತಂದ ಒಂದು ಲ್ಯಾಪ್‌ಟಾಪ್ ನನ್ನ ಕಪಾಟಿನ ಕೆಳಗಿನ ಅರೆಯಲ್ಲಿ ಕೂತಿದೆ.

ರ‍್ಯಾಮ್ 2 ಜಿಬಿ ಇದ್ದರೆ ನಡೆಯುತ್ತದೆ, 4 ಇದ್ದರೆ ಧಾರಾಳ. ದುಡ್ಡು ಹಾಕುವುದಾದರೆ ಒಂದೇ ಕಡೆ ಹಾಕಿ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಕೂರಿಸಿ. ಹಳೆ ಯಂತ್ರ ನಿಧಾನ ಎಂದು ಬೈಯುವವರು ಹೆಚ್ಚಾಗಿ ಬೈಯುತ್ತಿರುವುದು ಅದರ ಡಿಸ್ಕ್ ಅನ್ನು. ಅತಿ ಚಿಕ್ಕ ಎಸ್‌ಎಸ್‌ಡಿ ಸಾಕು, ಇದರಲ್ಲಿ ಫೋಟೊ, ವಿಡಿಯೊ ಯಾವುದನ್ನೂ ಇಡುವುದಿಲ್ಲವಲ್ಲ.

ಬ್ಯಾಟರಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಬೇಡಿ. ತೆಗೆದು ಇ-ತ್ಯಾಜ್ಯಕ್ಕೆ ಕೊಡಿ. ಇಂಥ ಎಷ್ಟೋ ಲ್ಯಾಪ್‌ಟಾಪುಗಳು ಬ್ಯಾಟರಿ ಇಲ್ಲದೆ, ಚಾರ್ಜರ್ ಮೇಲೇ ಓಡುತ್ತವೆ. ಇನ್ನೊಂದು, ಆನ್ ಮಾಡಿದಾಗಲೆಲ್ಲ ದಿನಾಂಕ ಯಾವುದೋ ಹಳೆ ವರ್ಷಕ್ಕೆ ಹೋಗುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ದಿನಾಂಕ ತಪ್ಪಿದ್ದರೆ ತಂತ್ರಾಂಶ ಇಳಿಸಿಕೊಳ್ಳುವಾಗ ‘ಇದು ಇನ್ನೂ ಮಾನ್ಯವಾಗಿಲ್ಲ’ ಎಂದು ತಕರಾರು ಮಾಡುತ್ತದೆ. ಕಾರಣ ಗೊತ್ತಾಗದೆ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೆ.

ಒಳಗೆ ಏನಿರಬೇಕು

ಹಳೆ ವಿಂಡೋಸ್ ಎಕ್ಸ್‌ಪಿ ಇದೆ, ಹಾಗೇ ಬಿಡಬಹುದಾ ಎಂದು ಕೇಳುತ್ತಾರೆ. ಎಕ್ಸ್‌ಪಿಗೆ ಭದ್ರತಾ ಪರಿಹಾರಗಳು ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಇಂಟರ್ನೆಟ್‌ಗೆ ಸೇರಿಸುವುದೇ ಇಲ್ಲ ಎಂದರೂ ಪೆನ್‌ಡ್ರೈವ್ ಅಂತೂ ಅಲ್ಲಿಂದಿಲ್ಲಿಗೆ ಓಡಾಡುತ್ತದೆ. ಹಾಗಾಗಿ ನಾನು ಬೇಡ ಅನ್ನುತ್ತೇನೆ.

ನಾನು ಹಾಕಿಕೊಂಡಿದ್ದು ಡೆಬಿಯನ್, ಅದರ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್. ಇನ್ನೊಂದು ಕಂಪ್ಯೂಟರಿನಲ್ಲಿ ಇನ್‌ಸ್ಟಾಲರ್ ಅನ್ನು ಪೆನ್‌ಡ್ರೈವಿಗೆ ಬರೆದುಕೊಂಡು, ಹಳೆ ಯಂತ್ರ ಆನ್ ಆಗುವಾಗ ಬೂಟ್ ಮೆನು ಕೀಲಿ ಒತ್ತಿ (ಥಿಂಕ್‌ಪ್ಯಾಡಿನಲ್ಲಿ ಎಫ್12) ಪೆನ್‌ಡ್ರೈವ್ ಆರಿಸಿದರೆ ಉಳಿದದ್ದನ್ನು ಅದೇ ಕೇಳುತ್ತಾ ಹೋಗುತ್ತದೆ. ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲ ದಿನವೇ ನೆಟ್ ಹಾಕಿಕೊಂಡು ಇಳಿಸಿಬಿಡಿ. ಎಡಿಟರ್ (ಬರೆಯುವ ತಂತ್ರಾಂಶ), ಕನ್ನಡ ಫಾಂಟ್, ಕನ್ನಡ ಕೀಲಿಮಣೆ, ಅಷ್ಟು ಸಾಕು.

ಆಮೇಲೆ ಬ್ರೌಸರ್ ತೆಗೆದುಹಾಕಿ. ಮೆನುವಿನಿಂದ ಬಚ್ಚಿಡುವುದಲ್ಲ, ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಇಂತಿಂಥ ತಾಣ ಮಾತ್ರ ತಡೆಯುವ ಉಪಾಯಗಳನ್ನೆಲ್ಲ ನಾನು ಮಾಡಿ ನೋಡಿದ್ದೇನೆ. ತಡೆ ಹಾಕಿದವಳೂ ನಾನೇ, ತೆಗೆಯುವವಳೂ ನಾನೇ. ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗೆ.

ಬರೆಯುವ ತಂತ್ರಾಂಶ

ಇಲ್ಲಿ ನಾನು ಮೂರು ವಾರ ಹಾಳು ಮಾಡಿದೆ. ಹಳೆ ಯಂತ್ರ ಅಂದಮೇಲೆ ಹಳೆ ಎಡಿಟರ್ ಇರಬೇಕು, ಕಪ್ಪು ಪರದೆ ಮೇಲೆ ಹಸಿರು ಅಕ್ಷರ ಇರಬೇಕು ಎಂಬ ಹುಚ್ಚು. ಕೀಲಿಗಳಿಂದಲೇ ನಡೆಸುವ ವಿಮ್ ಎಂಬ ಎಡಿಟರ್ ಕಲಿಯಲು ಕೂತೆ. ಅದರ ಮೂಲ ವಿಐ ಎಂಬ ಎಡಿಟರ್, 1976ರಲ್ಲಿ ಬಿಲ್ ಜಾಯ್ ಬರೆದದ್ದು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ (ದೊಡ್ಡ ಕಂಪ್ಯೂಟರಿಗೆ ಜೋಡಿಸುತ್ತಿದ್ದ ಪರದೆ, ಕೀಬೋರ್ಡ್) ಬೇರೆ ಬಾಣದ ಕೀಲಿಗಳೇ ಇರಲಿಲ್ಲ. ಬಾಣಗಳನ್ನು ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೇ ಮುದ್ರಿಸಿದ್ದರು. ಇವತ್ತಿಗೂ ವಿಮ್‌ನಲ್ಲಿ ಆ ನಾಲ್ಕು ಅಕ್ಷರಗಳಿಂದಲೇ ಓಡಾಡಬಹುದು. 1978ರ ವರ್ಡ್‌ಸ್ಟಾರ್ ಎಂಬ ಬರೆಯುವ ತಂತ್ರಾಂಶದಲ್ಲೂ ಇಂಥದ್ದೇ. ಕಂಟ್ರೋಲ್ ಜೊತೆ ಇ, ಎಸ್, ಡಿ, ಎಕ್ಸ್ ಒತ್ತಿದರೆ ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ. ಕೀಬೋರ್ಡಿನಲ್ಲಿ ಆ ನಾಲ್ಕೂ ಒಂದು ವಜ್ರದ ಆಕಾರದಲ್ಲಿ ಕೂತಿವೆ, ನೋಡಿ. ಕೈ ಬರೆಯುವ ಜಾಗ ಬಿಟ್ಟು ಹೋಗುವುದೇ ಇಲ್ಲ. ಓದಲು ಬಹಳ ಚೆಂದ.

ಕನ್ನಡದಲ್ಲಿ ಬರೆಯಲು ಹೋದಾಗ ಬಣ್ಣ ಬಯಲಾಯಿತು. ವಿಮ್‌ನಲ್ಲಿ ಅಪ್ಪಣೆ ಕೊಡುವ ಸ್ಥಿತಿ ಬೇರೆ, ಅಕ್ಷರ ಬರೆಯುವ ಸ್ಥಿತಿ ಬೇರೆ. ಕೀಲಿಮಣೆ ಕನ್ನಡದಲ್ಲಿರುವಾಗ ಕೆಳಗಿನ ಸಾಲಿಗೆ ಹೋಗಲು ಜೆ ಒತ್ತಿದರೆ ಅದಕ್ಕೆ ‘ಜ’ ಹೋಗುತ್ತದೆ. ಅದಕ್ಕೇನು ಗೊತ್ತು ಜ ಅಂದರೆ ಏನೆಂದು? ಪ್ರತಿ ಸಲ ಇಂಗ್ಲಿಷ್‌ಗೆ ಬದಲಿಸು, ಓಡಾಡು, ಮತ್ತೆ ಕನ್ನಡಕ್ಕೆ ಬದಲಿಸು. ಇದಕ್ಕೂ ಏನೇನೋ ಪರಿಹಾರ ಇವೆ, ಅವನ್ನೆಲ್ಲ ಓದುತ್ತಾ ಕೂತೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಆ ಮೂರು ವಾರದಲ್ಲಿ ಅನುವಾದವಾಗಿದ್ದು ಸೊನ್ನೆ ಪುಟ.

ಅದಕ್ಕಿಂತ ದೊಡ್ಡ ತೊಂದರೆ ಒತ್ತಕ್ಷರದ್ದು. ಲಿನಕ್ಸ್‌ನ ಬರಿಯ ಕಪ್ಪು ಕನ್ಸೋಲ್ (ಕಿಟಕಿ, ಚಿತ್ರ ಏನೂ ಇಲ್ಲದ ಅಕ್ಷರದ ಪರದೆ) ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರ ರೂಪಗಳನ್ನು ಮಾತ್ರ ಇಟ್ಟುಕೊಳ್ಳಬಲ್ಲದು. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ ಅನ್ನುವುದು ಅದರ ಲೆಕ್ಕ. ಇಂಗ್ಲಿಷ್‌ಗೆ ಸರಿ. ನಮ್ಮ ‘ಕ್ಷ’ ಬೇರೆ ಥರ. ಒಳಗೆ ಅದು ಕ, ಅರ್ಧಾಕ್ಷರದ ಗುರುತು, ಷ ಎಂದು ಮೂರು ಸಂಕೇತ. ಮೂರನ್ನೂ ಬೆಸೆದು ಒಂದು ಆಕಾರ ಬರೆಯುವವರು ಯಾರಾದರೂ ಬೇಕು. ಆ ಬೆಸುಗೆ ಕೆಲಸ ಕನ್ಸೋಲ್‌ಗೆ ಬರುವುದಿಲ್ಲ. ಡೆಸ್ಕ್‌ಟಾಪಿನ ಒಳಗೆ ಅಪ್ಪಣೆ ಟೈಪ್ ಮಾಡುವ ಹೆಚ್ಚಿನ ಟರ್ಮಿನಲ್ ಕಿಟಕಿಗಳೂ ಕನ್ನಡವನ್ನು ಒಡೆದೇ ತೋರಿಸುತ್ತವೆ. ಹಾಗಾಗಿ ಹಳೇ ಕಾಲದ ಕಪ್ಪು ಪರದೆಯ ಸುಖ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಇರಲಿ. ಅವರಿಗೆ ನಾನು ನ್ಯಾನೋ ಎಂಬ ಎಡಿಟರ್ ಹೇಳುತ್ತೇನೆ. ಬೇಕಾದ ಕೀಲಿಗಳೆಲ್ಲ ಪರದೆಯ ಕೆಳಗೇ ಬರೆದಿರುತ್ತವೆ, ಕಂಟ್ರೋಲ್-ಓ ಒತ್ತಿದರೆ ಉಳಿಸುತ್ತದೆ, ಕಂಟ್ರೋಲ್-ಎಕ್ಸ್ ಒತ್ತಿದರೆ ಹೊರಗೆ. ಹತ್ತು ನಿಮಿಷದಲ್ಲಿ ಕಲಿತು ಮರೆತುಬಿಡಬಹುದು.

ಕನ್ನಡಕ್ಕೆ ಬೇಕಾದ್ದು ಚಿಕ್ಕ ಗ್ರಾಫಿಕಲ್ ಎಡಿಟರ್. ಮೌಸ್‌ಪ್ಯಾಡ್ ಆಗಬಹುದು, ಫೆದರ್‌ಪ್ಯಾಡ್ ಆಗಬಹುದು. ನಾನು ಈಗ ಬಳಸುವುದು ಫೋಕಸ್‌ರೈಟರ್. ಪರದೆ ಪೂರ್ತಿ ಒಂದೇ ಹಾಳೆ, ಮೆನು ಬೇಕಾದರೆ ಮೌಸ್ ಅಂಚಿಗೆ ಒಯ್ಯಬೇಕು. ದಿನಕ್ಕೆ ಇಷ್ಟು ಪದ ಎಂದು ಗುರಿ ಇಡಬಹುದು. ಟೈಪ್‌ರೈಟರ್ ಸದ್ದು ಬರಿಸುವ ಸೌಲಭ್ಯವೂ ಇದೆ, ಅದನ್ನು ಒಂದೇ ದಿನದಲ್ಲಿ ಆಫ್ ಮಾಡಿದೆ. ಫಾಂಟ್‌ಗೆ ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೊ ಎಲ್ಲ ಸಿಗುತ್ತವೆ. ನನಗೆ ಗುಬ್ಬಿ ಇಷ್ಟ. ಸ್ವಲ್ಪ ದೊಡ್ಡದಾಗಿಯೇ ಇಟ್ಟುಕೊಳ್ಳಿ, ಹನ್ನೆರಡು ಇಂಚಿನ ಪರದೆಯಲ್ಲಿ ವತ್ತುಗಳು ಕಣ್ಣಿಗೆ ತೊಂದರೆ ಕೊಡುತ್ತವೆ. ಟೈಪ್ ಮಾಡಲು ಐಬಸ್ ಎಂಬ ಕೀಲಿಮಣೆ ತಂತ್ರಾಂಶ ಹಾಕಿಕೊಂಡರೆ ಕಗಪ, ಇನ್‌ಸ್ಕ್ರಿಪ್ಟ್ ಎರಡೂ ಇವೆ. ಕೈಗೆ ಈಗಾಗಲೇ ಯಾವುದು ರೂಢಿಯೋ ಅದನ್ನೇ ಇಟ್ಟುಕೊಳ್ಳಿ. ಹೊಸ ಯಂತ್ರದ ಜೊತೆ ಹೊಸ ಕೀಲಿಮಣೆ ಕಲಿಯುವ ಸಾಹಸ ಬೇಡ.

ಫೈಲ್ ಮಾತ್ರ ಹಳೆಯದಾಗಬಾರದು

ಯಂತ್ರ ಎಷ್ಟು ಹಳೆಯದಾದರೂ ಇರಲಿ, ಫೈಲನ್ನು ಬರಿಯ ಟೆಕ್ಸ್ಟ್ ಆಗಿ ಯುಟಿಎಫ್-8ರಲ್ಲಿ ಉಳಿಸಿ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವುದು ಯೂನಿಕೋಡ್, ಆ ಸಂಕೇತಗಳನ್ನು ಫೈಲಿನಲ್ಲಿ ಬರೆದಿಡುವ ಒಂದು ಪದ್ಧತಿ ಯುಟಿಎಫ್-8. ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆ ಫೈಲು ತೆರೆದವರಿಗೆ ಗೊತ್ತು. ಆ ಫಾಂಟ್ ಇಲ್ಲದಿದ್ದರೆ ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ. ಯುಟಿಎಫ್-8ಕ್ಕೆ ಆ ಚಿಂತೆ ಇಲ್ಲ. 1992ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟದ ಮೇಜಿನ ಕಾಗದದ ಹಾಸಿನ ಮೇಲೆ ಗೀಚಿ ರೂಪಿಸಿದ ಪದ್ಧತಿ ಅದು. ಹಾಗೆ ನೋಡಿದರೆ ಅದೂ ಹಳೆಯದೇ, ಆದರೆ ಇವತ್ತಿನ ಫೋನ್‌ಗೂ ಅರ್ಥವಾಗುತ್ತದೆ.

ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ನಮ್ಮ ‘ಕ್ಷ’ಕ್ಕೆ 9. ದುಬಾರಿ ಅನಿಸಬಹುದು. ನಾನು ಕಳೆದ ಸಲ ಮುಗಿಸಿದ ಕಥೆಪುಸ್ತಕ, ಹತ್ತಿರ ಹತ್ತಿರ 50 ಸಾವಿರ ಪದ, ಒಟ್ಟು 1.2 ಎಂಬಿ ಆಯಿತು. ಹಿಂದಿನ ಕಾಲದ 1.44 ಎಂಬಿ ಫ್ಲಾಪಿಯಲ್ಲಿ ಹಿಡಿದು ಇನ್ನೂ ಜಾಗ ಉಳಿಯುತ್ತದೆ.

ಹುಡುಕಲು ಎದ್ದು ಹೋಗಬೇಡಿ, ಗುರುತು ಹಾಕಿ

ಇಷ್ಟು ಹೊತ್ತು ಹೇಳಿದ್ದರಲ್ಲಿ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ನೆಟ್ ಇಲ್ಲದೆ ಬರೆಯುವವರು ಎರಡನೇ ದಿನಕ್ಕೇ ಸೋಲುವುದು ಇಲ್ಲಿ. ಒಂದು ಪದ ಗೊತ್ತಿಲ್ಲ, ಒಂದು ಇಸವಿ ಖಾತ್ರಿಯಿಲ್ಲ, ‘ಒಂದೇ ನಿಮಿಷ ನೋಡಿ ಬರ್ತೀನಿ’ ಎಂದು ವೈಫೈ ಸ್ವಿಚ್ ಎಳೆಯುತ್ತಾರೆ.

ಹಾಗೆ ಮಾಡುವ ಬದಲು ಆ ಜಾಗದಲ್ಲಿ ಎರಡು ಚಿಹ್ನೆ ಹಾಕಿ. ನಾನು @@ ಹಾಕುತ್ತೇನೆ, ಕನ್ನಡ ಬರಹದಲ್ಲಿ ಅದು ಬೇರೆಲ್ಲೂ ಬರುವುದಿಲ್ಲ. ಅದರ ಮುಂದೆ ಏನು ಬೇಕು ಎಂದು ಎರಡು ಪದ. ‘ಕೆಳಗಿನ @@ಗ್ಯಾಸ್ಕೆಟ್‌ಗೆ ಕನ್ನಡ?@@ ಅನ್ನು ಒರೆಸಿ ಒಣಗಿಸಿ’, ಹೀಗೆ. ಮುಂದಿನ ಸಾಲಿಗೆ ಹೋಗಿ. ಮೊದಲ ದಿನ ಕೈ ಕಟ್ಟಿದ ಹಾಗೆ ಆಗುತ್ತದೆ. ಒಂದು ತೂತು ಬಿಟ್ಟು ಮುಂದೆ ಹೋದೆನಲ್ಲ ಎಂಬ ಕಿರಿಕಿರಿ. ನಾಲ್ಕೈದು ದಿನಕ್ಕೆ ರೂಢಿಯಾಗುತ್ತದೆ.

ಕೆಲಸ ಮುಗಿದ ಮೇಲೆ ಕಂಟ್ರೋಲ್-ಎಫ್ ಒತ್ತಿ @@ ಹುಡುಕುತ್ತಾ ಒಂದು ಕಾಗದಕ್ಕೆ ಇಳಿಸಿಕೊಳ್ಳುತ್ತೇನೆ. ಕಾಗದ ಹಿಡಿದು ಪಕ್ಕದ ಕೋಣೆಗೆ ಹೋಗಿ ಎಲ್ಲವನ್ನೂ ಒಟ್ಟಿಗೆ ನೋಡುತ್ತೇನೆ. ಹತ್ತು ಪದಕ್ಕೆ ಇಪ್ಪತ್ತು ನಿಮಿಷ ಸಾಕಾಗುತ್ತದೆ. ಇದರಲ್ಲಿ ಒಂದು ತಮಾಷೆಯೂ ಇದೆ. ಬೆಳಿಗ್ಗೆ ಗೊತ್ತಿಲ್ಲ ಎಂದು ಗುರುತು ಹಾಕಿದ ಎಷ್ಟೋ ಪದ ಮಧ್ಯಾಹ್ನ ತಾನಾಗಿಯೇ ಹೊಳೆದಿರುತ್ತದೆ. ಮೇಲಿನ ‘ಗ್ಯಾಸ್ಕೆಟ್’ ಕಥೆಯೂ ಅಷ್ಟೇ. ರಿಪೇರಿ ಮಾಡುವವರು ಗ್ಯಾಸ್ಕೆಟ್ ಅಂತಲೇ ಅನ್ನುತ್ತಾರೆ, ಹುಡುಕುವುದು ಏನಿತ್ತು?

ನೆಟ್ ಇಲ್ಲದೆಯೇ ಇಟ್ಟುಕೊಳ್ಳಬಹುದಾದ ನಿಘಂಟೂ ಇದೆ. ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ದತ್ತಾಂಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಒಂದೂವರೆ ಲಕ್ಷ ಪದಗಳನ್ನು ಮೀರಿದ ದೊಡ್ಡ ಕೆಲಸ, ಬರಿಯ ಟೆಕ್ಸ್ಟ್ ಫೈಲ್. ಬರಿಯ ಟೆಕ್ಸ್ಟ್ ಅಂದಮೇಲೆ ಗ್ರೆಪ್ (ಬೇಕಾದ ಪದ ಇರುವ ಸಾಲುಗಳನ್ನು ಫೈಲಿನಿಂದ ಹೆಕ್ಕಿ ಕೊಡುವ ಅಪ್ಪಣೆ) ಹಾಕಿ ಹುಡುಕಬಹುದು. ಗ್ರೆಪ್ ಬರೆದವರೂ ಅದೇ ಕೆನ್ ಥಾಂಪ್ಸನ್, 1970ರ ದಶಕದಲ್ಲಿ. ನಾನು ಅದನ್ನು ತಿರುಗಿಸಿ ಬಳಸುತ್ತೇನೆ. ಅರ್ಥದ ಸಾಲಿನಲ್ಲಿ ಇಂಗ್ಲಿಷ್ ಪದ ಹುಡುಕು, ಅದರ ಮೇಲಿನ ಕೆಲವು ಸಾಲನ್ನೂ ತೋರಿಸು ಎಂದರೆ ಕನ್ನಡ ಪದ ಸಿಗುತ್ತದೆ. ಒರಟು ಉಪಾಯ, ಬೇಡದ್ದೂ ಬಹಳ ಬರುತ್ತದೆ, ಆದರೂ ನಡೆಯುತ್ತದೆ. ಸಿಕ್ಕಿದ ಸಾಲುಗಳನ್ನು ಇನ್ನೊಂದು ಫೈಲಿಗೆ ಕಳಿಸಿ ಎಡಿಟರ್‌ನಲ್ಲಿ ಓದಿ. ಟರ್ಮಿನಲ್‌ನಲ್ಲೇ ಓದಲು ಹೋದರೆ ಅದೇ ಒತ್ತಕ್ಷರದ ಕಾಟ.

ಬರೆದದ್ದನ್ನು ಹೊರಗೆ ತರುವುದು

ಪೆನ್‌ಡ್ರೈವ್ ಸಾಕು, ಎರಡು ಇಟ್ಟುಕೊಳ್ಳಿ. ಬೆಸ ದಿನಾಂಕಕ್ಕೆ ಒಂದು, ಸಮ ದಿನಾಂಕಕ್ಕೆ ಇನ್ನೊಂದು. ಒಂದು ಕೆಟ್ಟರೂ ನಿನ್ನೆಯವರೆಗಿನದ್ದು ಇರುತ್ತದೆ. ಫೈಲಿನ ಹೆಸರನ್ನು ಇಸವಿ, ತಿಂಗಳು, ದಿನ ಈ ಕ್ರಮದಲ್ಲಿ ಶುರುಮಾಡಿದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಕೀಳುವ ಮುಂಚೆ ಇಜೆಕ್ಟ್ ಮಾಡಿ. ಲಿನಕ್ಸ್ ಎಷ್ಟೋ ಸಲ ‘ಬರೆದಾಯಿತು’ ಎಂದು ತೋರಿಸಿದ ಮೇಲೂ ಹಿಂದಿನಿಂದ ಬರೆಯುತ್ತಿರುತ್ತದೆ.

ಬ್ಯಾಟರಿ ಇಲ್ಲದೆ ಓಡಿಸುವವರಿಗೆ ಒಂದು ಮಾತು. ಕಳೆದ ವರ್ಷ ಏಳುವಾಗ ಕಾಲಿಗೆ ವೈರ್ ಸಿಕ್ಕಿ ಕಿತ್ತುಬಂತು. ಎರಡೂವರೆ ಪುಟ ಹೋಯಿತು. ತಪ್ಪು ನನ್ನದೇ, ಬೆಳಿಗ್ಗೆಯಿಂದ ಒಮ್ಮೆಯೂ ಉಳಿಸಿರಲಿಲ್ಲ. ಹೊಸ ತಂತ್ರಾಂಶಗಳು ತಾವೇ ಉಳಿಸಿ ಉಳಿಸಿ ನಮಗೆ ಆ ಅಭ್ಯಾಸವೇ ತಪ್ಪಿಹೋಗಿದೆ. ಈಗ ಫೋಕಸ್‌ರೈಟರ್ ತಾನೇ ಉಳಿಸುವ ಹಾಗೆ ಇಟ್ಟಿದ್ದೇನೆ. ಆದರೂ ಪ್ಯಾರಾ ಮುಗಿದಾಗಲೆಲ್ಲ ಬೆರಳು ಕಂಟ್ರೋಲ್-ಎಸ್‌ಗೆ ಹೋಗುತ್ತದೆ. ವೈರನ್ನು ಮೇಜಿನ ಕಾಲಿಗೆ ಕಟ್ಟಿದ್ದೇನೆ.

ಎಲ್ಲಿ ಬೇಡ

ನಾಲ್ಕು ಜನ ಒಟ್ಟಿಗೆ ತಿದ್ದುವ ದಾಖಲೆ, ವಿಡಿಯೊ ಕರೆ, ಪಕ್ಕದಲ್ಲಿ ಟಿಪ್ಪಣಿ ಹಾಕಿ ವಾಪಸ್ ಬರುವ ವರ್ಡ್ ಫೈಲ್, ಇವಕ್ಕೆಲ್ಲ ಹೊಸ ಲ್ಯಾಪ್‌ಟಾಪೇ ಸರಿ. ಹಳೆಯದರಲ್ಲೇ ಎಲ್ಲ ಮಾಡುತ್ತೇನೆ ಎಂದು ಹಟ ಹಿಡಿದರೆ ಬೇಸತ್ತು ಒಂದು ವಾರದಲ್ಲಿ ಬಿಡುತ್ತೀರಿ. ನಾನು ಇದನ್ನು ಮೊದಲ ಕರಡಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ. ಫೋನ್ ಹೊಸ ಲ್ಯಾಪ್‌ಟಾಪಿನ ಪಕ್ಕದಲ್ಲಿ, ಇನ್ನೊಂದು ಕೋಣೆಯಲ್ಲಿ. ಅದನ್ನು ಜೇಬಿನಲ್ಲಿಟ್ಟುಕೊಂಡು ಇಷ್ಟೆಲ್ಲ ಮಾಡಿದರೆ ಸುಮ್ನೆ ದಂಡ.

ಇನ್ನೊಂದು ಬಲೆ, ಈ ಯಂತ್ರವನ್ನೇ ರಿಪೇರಿ ಮಾಡುತ್ತಾ, ಸಿಂಗರಿಸುತ್ತಾ ಕೂರುವುದು. ಬರೆಯುವುದು ಕಷ್ಟವಾದ ದಿನ ಫಾಂಟ್ ಬದಲಿಸಬೇಕು ಅನಿಸುತ್ತದೆ. ಗಡಿಯಾರ ಬಲಕ್ಕಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಅದಕ್ಕೆ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ಅನಿಸಿದ್ದನ್ನೆಲ್ಲ ಅದರಲ್ಲಿ ಬರೆಯುವುದು, ತಿಂಗಳ ಕೊನೆಯ ಭಾನುವಾರ ಮಾತ್ರ ಮುಟ್ಟುವುದು. ಹೋದ ತಿಂಗಳು ಚೀಟಿಯಲ್ಲಿ ಹನ್ನೊಂದು ಇದ್ದವು. ಭಾನುವಾರ ಓದಿದಾಗ ಒಂಬತ್ತು ಯಾಕೆ ಬೇಕೆನಿಸಿತ್ತು ಎಂದೇ ತಿಳಿಯಲಿಲ್ಲ, ಗೀಟು ಎಳೆದೆ. ಹತ್ತನೆಯದು ಫ್ಯಾನಿನ ಧೂಳು ತೆಗೆಯುವುದು, ತೆಗೆದೆ. ಹನ್ನೊಂದನೆಯದು ನನ್ನ ಮಗಳ ಅಕ್ಷರದಲ್ಲಿತ್ತು: ‘ಇದಕ್ಕೆ ಒಂದು ಬ್ರೌಸರ್ ಹಾಕಮ್ಮ.’